ಏಳು ಪಾಯಿಂಟ್ ನಾಲ್ಕು

ಡಾಕ್ಟರಮ್ಮ, ನಿಮ್ಮ ಕಾಗದ ಹೇಳುವುದು ಇಷ್ಟೇ:
ಏಳು ಪಾಯಿಂಟ್ ನಾಲ್ಕು.
ಜ್ವರವಿಲ್ಲ, ಕೆಮ್ಮಿಲ್ಲ, ಮೈಮೇಲೆ ಗಾಯವಿಲ್ಲ,
ಆದರೂ ಒಳಗೆಲ್ಲೋ ಸಣ್ಣಗೆ ಉರಿಯುತ್ತಿದೆ ಅಂತೀರಿ,
ಎಲ್ಲಿ ಅಂದರೆ ಪೆನ್ನಿನ ಮುಚ್ಚಳ ಕಚ್ಚುತ್ತೀರಿ.
ಕುರ್ಚಿ ಎಳೆದುಕೊಳ್ಳಿ.
ಇದು ನಿಮ್ಮ ಶಾಸ್ತ್ರವಲ್ಲ, ನನ್ನ ಕಸುಬು.

ಮೂವತ್ತೊಂದು ವರ್ಷ ಸೂರ್‌ಸೋ ಜೌಗಿನಲ್ಲಿ
ಬೆಂಕಿ ಆರಿಸಿದವನು ನಾನು.
ಅಲ್ಲಿಯ ನೆಲ ನೆಲವಲ್ಲ, ಸಾವಿರಾರು ವರ್ಷದ ಪಾಚಿ,
ಕೊಳೆಯಲು ಮನಸ್ಸಿಲ್ಲದೆ, ಕಲ್ಲಾಗಲು ತಾಳ್ಮೆಯಿಲ್ಲದೆ
ಕಪ್ಪಗೆ ಮಲಗಿದ್ದು.
ಒಂದು ಬೇಸಿಗೆ ಕಿಡಿ ತಗುಲಿತೋ
ಜ್ವಾಲೆ ಕಾಣದು, ಹೊಗೆಯೂ ನಾಚಿಕೊಂಡು ಬರುತ್ತದೆ.
ಮಳೆ ಬಂತು, ಹಿಮ ಬಿತ್ತು, ಮುಗಿಯಿತೆಂದು
ಪೈಪು ಸುತ್ತಿ ನಾವು ಮನೆಗೆ ಬಂದ ಮೇಲೂ
ಆಳದಲ್ಲಿ ಅದು
ಬೇರಿನಿಂದ ಬೇರಿಗೆ ನಡೆಯುತ್ತದೆ,
ದಿನಕ್ಕೊಂದು ಗೇಣು.

ಫೆಬ್ರವರಿಯಲ್ಲಿ, ಸೊನ್ನೆಗೆ ಇಪ್ಪತ್ತು ಕೆಳಗೆ,
ಬಯಲೆಲ್ಲ ಬಿಳಿಯಿರುವಾಗ ಒಂದು ಕಡೆ ಮಾತ್ರ
ಚಾಪೆಯಗಲ ಹಸಿರು ಹುಲ್ಲು.
ಕೊಂಬುದುರಿದ ಎಲ್ಕ್ ಒಂದು ಅಲ್ಲಿ
ಕಾಲು ಕಾಯಿಸಿಕೊಳ್ಳುತ್ತ ನಿಂತಿತ್ತು.
ನೋಡಿದ ಹೊಸಬ ಹುಡುಗ ವಸಂತ ಅಂದ.
ಎರಡು ದಿನ ಬಿಟ್ಟು ಹೋದರೆ ಎಲ್ಕ್ ಇರಲಿಲ್ಲ.
ನೆಲವೂ ಇರಲಿಲ್ಲ.

ನಮ್ಮ ಎಸ್ಟೋನಿಯನ್ ಮಾತಿನಲ್ಲೂ ಈ ಬಾವಿಗೆ
ಉರಿಯಿಂದಲೇ ಹೆಸರು. ಹಿರಿಯರು ಸುಮ್ಮನೆ ಇಟ್ಟಿಲ್ಲ.

ಏಳು ವರ್ಷದವನಿದ್ದಾಗ ಹುಲ್ಲುಹಲುಬೆಯ ಹಲ್ಲು
ಪಾದ ತೂರಿ ಮೇಲೆ ಬಂದಿತ್ತು.
ಊದಿತು, ಕೆಂಪಾಯಿತು, ಕುದಿಯಿತು.
‘ಮುಟ್ಟಬೇಡ, ಅವರು ಕೆಲಸ ಮಾಡಲಿ’ ಅಂದಳು ಅಜ್ಜಿ.
ಅವರು ಯಾರೆಂದು ಈಗ ನಿಮ್ಮಿಂದ ತಿಳಿಯಿತು:
ಹುಟ್ಟುವಾಗಲೇ ಜೊತೆ ಬಂದ ಕಾವಲುಗಾರರು,
ಹೆಸರು ಕೇಳರು, ಮುಖ ನೆನಪಿಡರು,
ಹೊರಗಿನ ವಾಸನೆ ಬಡಿದರೆ ಮೊದಲು ಏಟು.
ಹತ್ತೇ ದಿನ. ಕಸ ಗುಡಿಸಿ, ಹೆಣ ಹೊತ್ತು, ಹೊರಟೇಹೋದರು.
ಬೆಂಕಿ ಅಂದರೆ ಅದು ಡಾಕ್ಟರಮ್ಮ,
ಹತ್ತಿತು, ಆರಿತು.

ಈಗ ಅವರಿಗೆ ಶತ್ರುವೇ ಬೇಡ.
ಒಡೆದ ಜೀವಕೋಶದ ಚೂರು ಕಂಡರೂ ಗಂಟೆ ಬಾರಿಸುತ್ತಾರೆ.
ಸಾಯಲೊಲ್ಲದ, ದುಡಿಯಲೊಲ್ಲದ ಮುದಿ ಕೋಶಗಳು
ಮೂಲೆಯಲ್ಲಿ ಕೂತು ಬೈದರೆ
ಬೈಗುಳವನ್ನೇ ದಂಡಯಾತ್ರೆ ಅಂದುಕೊಳ್ಳುತ್ತಾರೆ.
ನಮ್ಮ ಠಾಣೆಯ ಕಡೆಯ ವರ್ಷದ ಹಾಗೆ:
ಗುಡಿಸುವವನು ನಿವೃತ್ತ,
ಸೈರನ್ ನಿಲ್ಲಿಸುವ ಗುಂಡಿ ಕೆಟ್ಟಿದೆ.

ಮೊಣಕಾಲಿಗೆ ಬರಲಿ, ಬಿಡಿ.
ಹೃದಯದ ನಾಳಕ್ಕೆ ಬಂದದ್ದಕ್ಕೂ ಸ್ಟೆಂಟ್ ಹಾಕಿದಿರಿ.
ವೈಕೆಯ ತಲೆಗೆ ಯಾಕೆ?
ಐವತ್ತೆಂಟು ವರ್ಷ ನನ್ನ ಒದ್ದೆ ಬೂಟು
ಒಲೆಯ ಮುಂದೆ ಒಣಗಿಸಿದವಳು
ನಿನ್ನೆ ಬಾಗಿಲಲ್ಲಿ ನನ್ನನ್ನು ತಡೆದು ಕೇಳಿದಳು:
‘ಫೈರ್‌ನವರೇ, ಯಾರ ಮನೆಗೆ ಬೆಂಕಿ ಬಿತ್ತು?’
ಮಿದುಳಲ್ಲೂ ಅಂಥವರದೇ ಪಹರೆ ಎಂದಿರಲ್ಲ,
ನೆನಪೇ ಇಲ್ಲದವರ ಸೊಂಟಕ್ಕೆ
ನೆನಪಿನ ಉಗ್ರಾಣದ ಬೀಗದ ಕೈ
ಕಟ್ಟಿದ್ದು ಯಾರು?

ಗೊತ್ತು. ಪೂರ್ತಿ ಆರಿಸಬಾರದು.
ಕಾವಲು ಮಲಗಿದರೆ ಮೊದಲ ನೆಗಡಿಗೇ ಹೋಗುತ್ತೇನೆ.
ಜೌಗಿನಲ್ಲೂ ನೀರು ಎರಚಿ ಗೆದ್ದವರಿಲ್ಲ;
ಹಿಂದಿನವರು ಒಣಗಿಸಲೆಂದು ತೋಡಿದ ಕಾಲುವೆ ಮುಚ್ಚಿ
ಅದರ ನೀರು ಅದಕ್ಕೆ ಮರಳುವವರೆಗೆ ಕಾಯಬೇಕು.
ಕೆಲವೊಮ್ಮೆ ಮರಳುತ್ತದೆ.

ಬರೆಯಿರಿ ಮಾತ್ರೆ. ನಡೆಯುತ್ತೇನೆ,
ಹೊಗೆಯಾಡಿಸಿದ ಹಂದಿಮಾಂಸ ಬಿಟ್ಟೆನೆಂದು ಸುಳ್ಳು ಹೇಳುತ್ತೇನೆ.
ಕಿಟಕಿಯಾಚೆ ನೋಡಿ, ಪಕ್ಕದ ಮನೆಯ ರೈಗೋನ ಕಾರು.
ಗಾಜಿಗೆಲ್ಲ ಮಂಜು ಕಟ್ಟಿದೆ.
ಒಂದು ಕಡೆ ಮಾತ್ರ, ಅವಳ ಉಸಿರು ತಾಗುವಲ್ಲಿ,
ಕರಗಿ ದುಂಡಗೊಂದು ಕಪ್ಪು.

ಹೋಗುತ್ತೇನೆ.
ಬಾಗಿಲು ತೆಗೆಯುವ ಮುನ್ನ ಒಂದು ಗಳಿಗೆ
ಆ ದುಂಡಿಗೆ ಅಂಗೈಯಿಟ್ಟು ನಿಲ್ಲುತ್ತೇನೆ,
ಆ ಎಲ್ಕಿನ ಹಾಗೆ.